ಜನವರಿಯ ಸೊನ್ನೆಗಳು

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು ಮಳೆಗಾಲದ ಬೆಳಿಗ್ಗೆ ಫೋನ್ ಎತ್ತಿದರೆ ಯೋಗಕ್ಷೇಮಕ್ಕಿಂತ ಮೊದಲು ಬರುವ ಮಾತು ‘ನಿಮ್ಮಲ್ಲಿ ಎಷ್ಟಾಯ್ತು?’ ಉತ್ತರ ಮಿಲಿಮೀಟರಿನಲ್ಲಿ ಬರುವುದಿಲ್ಲ. ‘ಎರಡು ಇಂಚು ನಲವತ್ತು’, ಇಲ್ಲವೇ ‘ಬರೀ ಎಪ್ಪತ್ತು ಸೆಂಟು ಮಾರಾಯ್ರೆ’. ಇಂಚಿನ ನೂರನೇ ಒಂದು ಪಾಲು ಈ ಸೆಂಟು, ಅಂದರೆ 0.254 ಮಿ.ಮೀ. ದೇಶ ಮೆಟ್ರಿಕ್ ಅಳತೆಗೆ ಹೊರಳಿ ಅರವತ್ತು ವರ್ಷಗಳ ಮೇಲಾದರೂ ಮಲೆನಾಡಿನ ಮಳೆ ಇನ್ನೂ ಇಂಚಿನಲ್ಲೇ ಸುರಿಯುತ್ತಿದೆ. ಜಾಗವನ್ನೂ ಸೆಂಟಿನಲ್ಲೇ ಅಳೆಯುವ ಊರುಗಳಲ್ಲಿ ಇದರಿಂದ ಒಂದು ಮೋಜಿನ ಲೆಕ್ಕ ಹುಟ್ಟುತ್ತದೆ: ಒಂದು ಸೆಂಟು ಜಾಗದ ಮೇಲೆ ಒಂದು ಸೆಂಟು ಮಳೆ ಬಿದ್ದರೆ ಹತ್ತು ಲೀಟರಿಗೆ ಕೊಂಚ ಹೆಚ್ಚು ನೀರು.

ಮೂಡಿಗೆರೆ ಬದಿಯ ತೋಟವೊಂದಕ್ಕೆ ನಾನು ಹೋಗಿದ್ದು ಕಾಳುಮೆಣಸಿನ ವಿಚಾರ ತಿಳಿಯಲು. ಮಾತು ಮಳೆಯ ಕಡೆ ತಿರುಗಿದ್ದೇ ಯಜಮಾನರು ಎದ್ದು ಹೋಗಿ, ಹಳೆಯ ಕೂಲಿ ಲೆಕ್ಕದ ಪುಸ್ತಕಗಳ ಅಡಿಯಿಂದ ಉದ್ದನೆಯ ಲೆಡ್ಜರುಗಳನ್ನು ತಂದು ಮೇಜಿನ ಮೇಲಿಟ್ಟರು. ‘ಮಳೆ ಪುಸ್ತಕ. ನೋಡಿ, ಆದ್ರೆ ಬೆರಳಿಗೆ ಎಂಜಲು ಹಚ್ಚಬೇಡಿ’ ಎಂದರು. ಮೆಣಸು ಅಲ್ಲಿಗೇ ಮರೆತುಹೋಯಿತು.

ಒಂದು ಹಾಳೆಗೆ ಒಂದು ವರ್ಷ. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಮೂವತ್ತೊಂದು ದಿನ, ತಳದಲ್ಲಿ ಕೆಂಪು ಶಾಯಿಯ ತಿಂಗಳ ಮೊತ್ತ. ಮೊದಲ ಪುಸ್ತಕದ್ದು ಅಜ್ಜನ ಓರೆ ಅಕ್ಷರ, ನಂತರದ್ದು ಅಪ್ಪನ ಅವಸರದ ಬರಹ, ಈಚಿನದು ತೋಟದ ರೈಟರದ್ದು. ಯಾರೇ ಆದರೂ ಮೊದಲು ತೆರೆಯುವುದು ಜುಲೈ ತಿಂಗಳನ್ನೇ. ನಾನೂ ಅಲ್ಲಿಂದಲೇ ಹೊರಟೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಜನವರಿ.

ಅಜ್ಜನ ಜನವರಿಗಳಲ್ಲಿ ದಿನಕ್ಕೊಂದರಂತೆ ಸೊನ್ನೆ. ಮೇಲಿಂದ ಕೆಳಗೆ ಮೂವತ್ತೊಂದು ಸೊನ್ನೆ. ಮಳೆಯ ಸುಳಿವೇ ಇಲ್ಲದ ತಿಂಗಳಲ್ಲಿ ಆ ಮನುಷ್ಯ ದಿನಾ ಬೆಳಿಗ್ಗೆ ಚಳಿಯಲ್ಲಿ ಅಂಗಳ ದಾಟಿ, ಕಣದ ಅಂಚಿನಲ್ಲಿದ್ದ ಮಳೆಮಾಪಕದ ಆಲಿಕೆ ತೆಗೆದು, ಖಾಲಿ ಬಾಟ್ಲಿ ನೋಡಿ ಬಂದು ಸೊನ್ನೆ ಬರೆದಿದ್ದಾನೆ. ‘ಅಜ್ಜಂಗೆ ಅದನ್ನ ಬರೀದೆ ಕಾಫಿ ಗಂಟಲಲ್ಲಿ ಇಳೀತಿರ್ಲಿಲ್ಲ’ ಎಂದು ಯಜಮಾನರು ನಕ್ಕರು. ಅಪ್ಪನ ಕಾಲಕ್ಕೆ ಬಂದರೆ ಜನವರಿಗೆ ಮೇಲಿಂದ ಕೆಳಕ್ಕೆ ಒಂದೇ ಗೆರೆ, ಪಕ್ಕದಲ್ಲಿ ‘ನಿಲ್’. ರೈಟರ ಪುಸ್ತಕದಲ್ಲಿ ಆ ಗೆರೆಯೂ ಇಲ್ಲ, ಬರೀ ಖಾಲಿ ಮನೆಗಳು.

ಮೂರೂ ಒಂದೇ ಅಲ್ಲವೇ ಎನ್ನಿಸಬಹುದು. ಅಲ್ಲ. ಖಾಲಿ ಮನೆಗೆ ಮಳೆ ಬರಲಿಲ್ಲ ಎಂದೂ ಅರ್ಥ ಮಾಡಬಹುದು, ನೋಡುವವರು ಯಾರದೋ ಮದುವೆಗೆ ಹೋಗಿದ್ದರು ಎಂದೂ ಮಾಡಬಹುದು. ಸೊನ್ನೆಯಲ್ಲಿ ಆ ಅನುಮಾನವಿಲ್ಲ, ಒಬ್ಬ ಮನುಷ್ಯ ಹೋಗಿ ನೋಡಿದ್ದಾನೆ. ಅಜ್ಜನ ಒಂದು ಜನವರಿಯಲ್ಲಂತೂ ಸೊನ್ನೆಗಳ ನಡುವೆ ಕೆಲವು ದಿನ ಅಡ್ಡಗೆರೆ ಇತ್ತು. ಅಂಚಿನಲ್ಲಿ ‘ಬಾಟ್ಲಿ ಒಡೆದಿದೆ’. ಉಳಿದೆಲ್ಲ ಸೊನ್ನೆಗಳ ಮೇಲೆ ನನಗೆ ನಂಬಿಕೆ ಬಂದದ್ದು ಆ ಅಡ್ಡಗೆರೆಗಳಿಂದ. ಆ ದಿನಗಳಿಗೂ ಸೊನ್ನೆ ಸುತ್ತಿಬಿಟ್ಟಿದ್ದರೆ ಕೇಳುವವರು ಯಾರಿದ್ದರು? ಇನ್ನೊಂದು ಕಡೆ ‘1 ಸೆಂಟು, ಇಬ್ಬನಿ’ ಎಂದಿತ್ತು. ರಾತ್ರಿಯ ಮಂಜು ಆಲಿಕೆಯ ಲೋಹಕ್ಕೆ ಕಟ್ಟಿ, ಹನಿಗೂಡಿ, ಬಾಟ್ಲಿಗೆ ಇಳಿದದ್ದು. ಅದನ್ನು ಅಳೆದೂ ಇದ್ದಾರೆ, ಮಳೆಯಲ್ಲ ಎಂದು ಹೇಳಿಯೂ ಇದ್ದಾರೆ, ಕೊನೆಗೆ ಮೊತ್ತಕ್ಕೆ ಸೇರಿಸದೆ ಬಿಟ್ಟಿದ್ದಾರೆ! ಕೂಡಿ ನೋಡಿದೆ, ನಿಜಕ್ಕೂ ಸೇರಿಸಿಲ್ಲ.

ಕಾಫಿಯವರಿಗೆ ಜನವರಿಯ ಸೊನ್ನೆ ಎಂದರೆ ನೆಮ್ಮದಿ. ಆ ಹೊತ್ತಿಗೆ ಹಣ್ಣು ಗಿಡದಲ್ಲಿರುತ್ತದೆ, ಕಿತ್ತದ್ದು ಕಣದಲ್ಲಿ ಒಣಗುತ್ತಿರುತ್ತದೆ. 2021ರ ಜನವರಿ ಮೊದಲ ವಾರ ಕೊಡಗು, ಹಾಸನ, ಚಿಕ್ಕಮಗಳೂರಿನಲ್ಲಿ ಅಕಾಲಿಕ ಮಳೆ ಹೊಡೆದಾಗ ಕಣದ ಕಾಫಿ ನೆನೆಯಿತು, ಗಿಡದ ಹಣ್ಣು ಉದುರಿತು, ಕೊಯ್ಲು ಮುಗಿಯುವ ಮೊದಲೇ ಹೂವೂ ಬಂತು. ಆಮೇಲೆ ಬರಬೇಕಾದದ್ದು ಹೂಮಳೆ: ರೊಬಸ್ಟಾಗೆ ಫೆಬ್ರವರಿ–ಮಾರ್ಚ್, ಅರೇಬಿಕಾಗೆ ಮಾರ್ಚ್–ಏಪ್ರಿಲ್. ಒಂದು ಇಂಚಿನಷ್ಟು ಒಟ್ಟಿಗೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವಿಡೀ ಬಿಳಿ. ಎರಡು-ಮೂರು ವಾರದೊಳಗೆ ಮತ್ತೊಂದು ಮಳೆ ಬೇಕು, ಅದಕ್ಕೆ ಎಲ್ಲರೂ ಹೇಳುವುದು ‘ಬ್ಯಾಕಿಂಗ್’ ಎಂದೇ.

ತಿಂಗಳ ಮೊತ್ತದ ಮೇಲೆ ನನಗಿರುವ ತಕರಾರು ಇಲ್ಲಿಂದ ಶುರು. ಮಾರ್ಚ್‌ನಲ್ಲಿ ಒಂದೇ ಸಂಜೆ ನೂರು ಸೆಂಟು ಬಿದ್ದರೂ, ವಾರಕ್ಕೊಮ್ಮೆ ಇಪ್ಪತ್ತೈದರಂತೆ ನಾಲ್ಕು ಸಲ ಬಿದ್ದರೂ ಕೆಂಪು ಶಾಯಿಯಲ್ಲಿ ಒಂದು ಇಂಚು. ಮೊದಲನೆಯದರಲ್ಲಿ ಫಸಲು ನಿಂತಿತು, ಎರಡನೆಯದರಲ್ಲಿ ಮೊಗ್ಗು ಅರ್ಧಕ್ಕೆ ಬಂದು ಕೈಕೊಟ್ಟಿತು. ಹೂ ಬಿರಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಮೊತ್ತ ನೋಡಿದವರಿಗೆ ಅದೂ ‘ಒಳ್ಳೆಯ ಮಳೆ’ಯೇ. ಸರ್ಕಾರಿ ವರದಿಗಳ ‘ವಾಡಿಕೆಗಿಂತ ಇಷ್ಟು ಶೇಕಡಾ ಹೆಚ್ಚು’ ಎಂಬ ಸಾಲು ಓದಿದಾಗಲೆಲ್ಲ ಯಾವ ದಿನ, ಎಷ್ಟು ಹೊತ್ತಿನಲ್ಲಿ ಎಂದು ಕೇಳಬೇಕೆನ್ನಿಸುತ್ತದೆ.

ತಿಂಗಳ ಗಡಿಯಲ್ಲೂ ಜಗಳವಿದೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಹಾಕುತ್ತದೆ. ಹಾಗಾಗಿ ಜುಲೈ 31ರ ರಾತ್ರಿ ಸುರಿದದ್ದು ಆಗಸ್ಟ್ ಖಾತೆಗೆ. ಈ ಮನೆಯ ಅಜ್ಜನಿಗೆ ಅದು ಒಪ್ಪಿಗೆಯಿಲ್ಲ. ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ಮನೆಗೇ ಬರೆದರು. ಮಗ ಇಲಾಖೆಯ ದಾರಿ ಹಿಡಿದ. ಅಪ್ಪ-ಮಗನ ಆ ಭಿನ್ನಾಭಿಪ್ರಾಯ ಲೆಡ್ಜರಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಇಂಥ ಮಳೆ ಪುಸ್ತಕಗಳ ಚರಿತ್ರೆ ದೊಡ್ಡದೇನಲ್ಲ. ಲಂಡನ್ನಿನ ಜಾರ್ಜ್ ಜೇಮ್ಸ್ ಸೈಮನ್ಸ್ 1860ರಲ್ಲಿ 168 ಕಡೆಯ ಮಳೆ ಲೆಕ್ಕ ಕೂಡಿಸಿ ಪ್ರಕಟಿಸಿದ. ನೋಡುವವರು ಹೆಚ್ಚಿನವರೂ ಹವ್ಯಾಸಿಗಳು. ಐದು ಇಂಚು ಅಗಲದ ಬಾಯಿಯ ಮಾಪಕಕ್ಕೆ ಅವನ ಹೆಸರೇ ನಿಂತಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ‘ಮಳೆ ದಿನ’ ಎನ್ನಿಸಿಕೊಳ್ಳಲು ಇಲಾಖೆ ಕೇಳುವ 2.5 ಮಿ.ಮೀ. ಹಳೆಯ ಹತ್ತು ಸೆಂಟೇ. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬಂತು. ತೋಟದ ದೊರೆಗಳು ಅಳೆಯುತ್ತಿದ್ದರು, ಅವರ ಕೈಯಿಂದ ತೋಟ ಕೊಂಡವರೂ ಅಳೆದರು.

ಪತ್ರಿಕೆಗಳು ಪ್ರತಿ ಮಳೆಗಾಲದಲ್ಲೂ ನೆನಪಿಸುವ ಅಂಕಿ ಆಗುಂಬೆಯದು: 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ದಿನಕ್ಕೆ ಸರಾಸರಿ ಆರಿಂಚಿನ ಹತ್ತಿರ. ಆ ಅಂಕಿಗಿಂತ ನನಗೆ ಕುತೂಹಲ, ಆ ತಿಂಗಳು ತುಂಬಿ ತುಂಬಿ ಬರುತ್ತಿದ್ದ ಬಾಟ್ಲಿಯನ್ನು ಛತ್ರಿ ಹಿಡಿದು ಹೋಗಿ ಖಾಲಿ ಮಾಡುತ್ತಿದ್ದ ಮನುಷ್ಯನ ಬಗ್ಗೆ.

‘ಮೊದ್ಲೆಲ್ಲ ಆಷಾಢದಲ್ಲಿ ಸೂರ್ಯನ ಮುಖ ಕಾಣ್ತಿರ್ಲಿಲ್ಲ’ ಎಂದು ಯಜಮಾನರು ಹೇಳುತ್ತಲೇ ಇದ್ದರು. ಪುಸ್ತಕ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಅಜ್ಜನ ಕಾಲದಲ್ಲೂ ಬಿಸಿಲಿನ ಜುಲೈಗಳಿವೆ, ‘ಸಸಿಮಡಿಗೆ ನೀರು ಹಾಕಿಸಿದೆ’ ಎಂಬ ಟಿಪ್ಪಣಿ ಸಮೇತ. ಮಳೆಯ ವಿಷಯದಲ್ಲಿ ಮಲೆನಾಡಿಗರ ನೆನಪನ್ನು ನಾನು ನಂಬುವುದಿಲ್ಲ, ನನ್ನದನ್ನೂ ಸೇರಿಸಿ. 2002ರ ಜುಲೈನಲ್ಲಿ ದೇಶಕ್ಕೆ ವಾಡಿಕೆಯ ಅರ್ಧದಷ್ಟೂ ಮಳೆ ಬೀಳಲಿಲ್ಲ. ಅದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? 2018ರ ಆಗಸ್ಟ್ ಮಾತ್ರ ಎಲ್ಲರಿಗೂ ನೆನಪಿದೆ, ಕೊಡಗಿನಲ್ಲಿ ಗುಡ್ಡಗಳೇ ಜಾರಿದವಲ್ಲ.

ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿಗೊಂದರಂತೆ ನಿಂತು, ಕಾಲು ಗಂಟೆಗೊಮ್ಮೆ ಲೆಕ್ಕ ಕಳಿಸುತ್ತವೆ. ದೊಡ್ಡ ಕೆಲಸವೇ. ಆದರೆ ಘಟ್ಟದ ಮಳೆ ಪಂಚಾಯಿತಿಯ ಗಡಿ ನೋಡಿ ಬೀಳುವುದಿಲ್ಲ. ಮಡಿಕೇರಿಗೆ ವರ್ಷಕ್ಕೆ 130 ಇಂಚಿನ ಆಸುಪಾಸು, ಪೂರ್ವಕ್ಕೆ 30 ಕಿ.ಮೀ. ಇಳಿದು ಕುಶಾಲನಗರಕ್ಕೆ ಬಂದರೆ ಅದರ ಮೂರರಲ್ಲೊಂದು ಪಾಲು. ಗುಡ್ಡದ ಈಚೆ ಒಂದು ಲೆಕ್ಕ, ಆಚೆ ಇನ್ನೊಂದು. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ನಿರ್ಧಾರವಾಗುವುದು ಪಂಚಾಯಿತಿಯ ಮಾಪಕದಿಂದ. ತೋಟದವರ ಸ್ವಂತ ಪುಸ್ತಕಕ್ಕೆ ಅಲ್ಲಿ ಬೆಲೆಯಿಲ್ಲ. ಬರೆಯುವವರಿಗೇ ಲಾಭವಾಗುವ ಪುಸ್ತಕವನ್ನು ವಿಮೆಯವರು ನಂಬಬೇಕಿಲ್ಲ, ಅದು ಸರಿ. ಒಂದು ಊರಿನ ಹಲವು ಪುಸ್ತಕಗಳನ್ನು ಒಟ್ಟಿಗಿಟ್ಟು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಲು ಏನು ಅಡ್ಡಿ ಎಂಬುದು ನನಗೆ ತಿಳಿಯುತ್ತಿಲ್ಲ. ಎಲೆ ಬಿದ್ದು ಆಲಿಕೆ ಕಟ್ಟಿಕೊಂಡರೆ ಯಂತ್ರವೂ ಸೊನ್ನೆಯನ್ನೇ ಕಳಿಸುತ್ತದೆ. ‘ಎಲೆ ಬಿದ್ದಿತ್ತು’ ಎಂದು ಅಂಚಿನಲ್ಲಿ ಬರೆಯಲು ಅದಕ್ಕೆ ಬರುವುದಿಲ್ಲ.

ತೋಟಗಳು ಪಾಲಾಗುತ್ತಿವೆ, ಮಾರಾಟವಾಗುತ್ತಿವೆ, ಅಟ್ಟಗಳು ಖಾಲಿಯಾಗುತ್ತಿವೆ. ಹಳೆಯ ಲೆಡ್ಜರು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುವುದು ಸುಲಭ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ಮೊಬೈಲಿನಲ್ಲೇ ಹಾಳೆ ಹಾಳೆ ಫೋಟೋ ತೆಗೆದಿಡಿ; ಅಂಚಿನ ಟಿಪ್ಪಣಿಗಳೂ ಚೌಕಟ್ಟಿನೊಳಗೆ ಬರಲಿ. ಮಾಪಕ ಎಲ್ಲಿತ್ತು, ಹತ್ತಿರ ಮರವಿತ್ತೇ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಅದರ ಜೊತೆಗೇ ಬರೆದಿಡಿ.