ಬುರಣಾಪುರದ ರನ್‌ವೇಗೆ ಬಿಸಿಲಿನ ಲೆಕ್ಕ

ಬೇಸಿಗೆ ಏರುತ್ತಿದ್ದಂತೆ ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಿನ ಶೆಡ್ಡುಗಳಲ್ಲಿ ಬಲೆಗಳ ಮೇಲೆ ಹರವಿದ ದ್ರಾಕ್ಷಿ ದಿನೇದಿನೇ ಸುಕ್ಕುಗಟ್ಟುತ್ತದೆ. ನೆರಳಿನಲ್ಲಿದ್ದರೂ ಅದನ್ನು ಒಣಗಿಸುವುದು ಇಲ್ಲಿಯ ಬಿಸಿಗಾಳಿ. ದ್ರಾಕ್ಷಿ ಬೆಳೆಗಾರನಿಗೆ ವರವಾದ ಈ ಗಾಳಿ ಪೈಲಟ್‌ಗೆ ಮಾತ್ರ ದೊಡ್ಡ ತೊಡಕು.

ವಿಜಯಪುರದ ವಿಮಾನ ನಿಲ್ದಾಣಕ್ಕೆ ಬುರಣಾಪುರದ ಬಳಿ 2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು. ಎಟಿಆರ್-72 ವಿಮಾನಕ್ಕೆಂದು ಹಾಕಿದ ಯೋಜನೆಯನ್ನು ಆಮೇಲೆ ಏರ್‌ಬಸ್ ಎ320 ಇಳಿಯುವಷ್ಟು ಹಿಗ್ಗಿಸಲಾಯಿತು. ಆಗ ರನ್‌ವೇ ಎಷ್ಟು ಉದ್ದ ಬೇಕೆಂಬ ಚರ್ಚೆ ಊರಲ್ಲೂ ನಡೆಯಿತು. ಅದರಲ್ಲಿ ಥರ್ಮಾಮೀಟರಿನ ಮಾತು ಬರಲೇಬೇಕು.

ವಿಮಾನವನ್ನು ಮೇಲೆತ್ತುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಆ ಗಾಳಿಗೆ ತೂಕವಿದೆ. ಕಡಲಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಎತ್ತರಕ್ಕೆ ಹೋದಂತೆ ಒತ್ತಡ ಇಳಿಯುತ್ತದೆ, ಕಾದಂತೆ ಗಾಳಿ ಹಿಗ್ಗುತ್ತದೆ. ಎರಡರಿಂದಲೂ ಅದು ತೆಳುವಾಗುತ್ತದೆ. ವಿಜಯಪುರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ 42 ಡಿಗ್ರಿ ಬಿಸಿಲಿರುವಾಗ ಅಷ್ಟೇ ಗಾಳಿಯ ತೂಕ 1.04 ಕಿಲೋ ಆಸುಪಾಸು. ಏಳರಲ್ಲಿ ಒಂದು ಪಾಲು ಗಾಳಿ ಕಾಣೆ!

ಇದನ್ನು ಅಳೆಯಲು ಪೈಲಟ್‌ಗಳು ಕಲಿಯುವ ಮೊದಲ ಪಾಠಗಳಲ್ಲೊಂದು ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ. 600 ಮೀಟರ್ ಎತ್ತರಕ್ಕೆ ಇರಬೇಕಾದ ಪ್ರಮಾಣಿತ ಉಷ್ಣಾಂಶ 11 ಡಿಗ್ರಿ. ಅದಕ್ಕಿಂತ ಹೆಚ್ಚಾದ ಒಂದೊಂದು ಡಿಗ್ರಿಗೂ ಎತ್ತರಕ್ಕೆ ಸುಮಾರು 36 ಮೀಟರ್ ಕೂಡಿಸಬೇಕು. ನಮ್ಮಲ್ಲಿ 31 ಡಿಗ್ರಿ ಹೆಚ್ಚು. ಕೂಡಿಸಿ ನೋಡಿ: 1,700 ಮೀಟರ್ ದಾಟುತ್ತದೆ. ಎಂದರೆ ಮೇ ತಿಂಗಳ ಮಧ್ಯಾಹ್ನ ಬುರಣಾಪುರದ ಬಯಲು ವಿಮಾನದ ಪಾಲಿಗೆ ಕೆಮ್ಮಣ್ಣುಗುಂಡಿಗಿಂತ ಎತ್ತರದ ಬೆಟ್ಟ.

ತೆಳುಗಾಳಿಯಲ್ಲಿ ಏಳಬೇಕಾದರೆ ಹೆಚ್ಚು ವೇಗದಲ್ಲಿ ಓಡಬೇಕು. ಇಲ್ಲಿ ಸುಮಾರು ಶೇ. 8ರಷ್ಟು ಹೆಚ್ಚು. ಆದರೆ ಪೈಲಟ್‌ನ ಮುಂದಿನ ವೇಗಮಾಪಕದ ಮುಳ್ಳು ಇದನ್ನು ತೋರಿಸುವುದಿಲ್ಲ. ವಿಮಾನದ ಮೂತಿಯ ಬಳಿ ಹೊರಚಾಚಿದ ಬೆರಳುದ್ದದ ಪಿಟೋ ನಳಿಕೆ ಇರುತ್ತದೆ. ವೇಗಮಾಪಕ ಅದರೊಳಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ವೇಗವನ್ನು ಹೇಳುತ್ತದೆ. ಗಾಳಿ ತೆಳುವಾದಾಗ ಅದೇ ಒತ್ತಡ ಹುಟ್ಟಲು ವಿಮಾನ ಜೋರಾಗಿ ಓಡಿರಬೇಕು. ಹಾಗಾಗಿ ಜನವರಿಯಲ್ಲೂ ಮೇನಲ್ಲೂ ಮುಳ್ಳು ಅದೇ ಅಂಕಿಗೆ ಬಂದಾಗ ವಿಮಾನ ನೆಲ ಬಿಡುತ್ತದೆ. ಅಷ್ಟರಲ್ಲಿ ಹಿಂದೆ ಸರಿದ ರನ್‌ವೇ ಮಾತ್ರ ಮೇನಲ್ಲಿ ಹೆಚ್ಚು. ಎಂಜಿನ್ನಿಗೂ ಉಸಿರಾಡಲು ಇದೇ ತೆಳುಗಾಳಿ ಸಿಗುವುದರಿಂದ ಅದರ ನೂಕುಬಲವೂ ತಗ್ಗುತ್ತದೆ.

ಒಂದು ಸಮಾಧಾನವುಂಟು. ಹಸಿಗಾಳಿ ಭಾರ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ, ನಿಜ ತಿರುಗಾ ಮುರುಗಾ. ನೀರಾವಿಯ ಅಣು ನೈಟ್ರೊಜನ್, ಆಕ್ಸಿಜನ್ ಅಣುಗಳಿಗಿಂತ ಹಗುರ. ಹೀಗಾಗಿ ದ್ರಾಕ್ಷಿ ಒಣಗಿಸುವ ನಮ್ಮ ಒಣಹವೆ ರೆಕ್ಕೆಗೂ ತುಸು ನೆರವಾಗುತ್ತದೆ. ಆದರೆ ಬಬಲೇಶ್ವರದ ಎರೆಹೊಲಗಳ ಮೇಲೆ ಮಧ್ಯಾಹ್ನ ಧೂಳೆಬ್ಬಿಸುವ ಸುಳಿಗಾಳಿ ನೋಡಿದ್ದೀರಲ್ಲ, ಕಾದ ಕಪ್ಪುಮಣ್ಣಿನಿಂದ ಮೇಲೇಳುವ ಅಂಥ ಬಿಸಿಗಾಳಿಯೇ ಇಳಿಯುವ ವಿಮಾನವನ್ನು ಎತ್ತಿ ಕುಲುಕುತ್ತದೆ.

ಹೀಗಾಗಿ ಕಡು ಬೇಸಿಗೆಯಲ್ಲಿ ಇಂಧನ, ಸರಕು ಅಥವಾ ಪ್ರಯಾಣಿಕರನ್ನು ಕಡಿಮೆ ಮಾಡಬೇಕು, ಇಲ್ಲವೇ ಬೆಳಗಿನ ತಂಪಿನಲ್ಲಿ ಹೊರಡಬೇಕು, ಇಲ್ಲವೇ ರನ್‌ವೇ ಉದ್ದವಿರಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸ್ಥೂಲ ಸೂತ್ರ ಹೀಗಿದೆ: ಪ್ರತಿ 300 ಮೀಟರ್ ಎತ್ತರಕ್ಕೆ ಶೇ. 7, ಆ ಎತ್ತರದ ಪ್ರಮಾಣಿತ ಉಷ್ಣಾಂಶದ ಮೇಲಿನ ಪ್ರತಿ ಡಿಗ್ರಿಗೆ ಶೇ. 1 ಉದ್ದ ಸೇರಿಸಿ. ಬೇಸಿಗೆಯ ಹಗಲನ್ನು 40 ಡಿಗ್ರಿ ಎಂದು ಹಿಡಿದರೆ, ಕಡಲಮಟ್ಟದಲ್ಲಿ 1,500 ಮೀಟರ್ ಸಾಕಾಗುವ ವಿಮಾನಕ್ಕೆ ವಿಜಯಪುರದಲ್ಲಿ ಸುಮಾರು 2,200 ಮೀಟರ್ ಬೇಕು. ಕರಾವಳಿಯಲ್ಲೋ ತಂಪಿನ ಊರಲ್ಲೋ ಸಾಕಾದ ಉದ್ದವನ್ನು ತೋರಿಸಿ ಇಲ್ಲಿಗೂ ಇಷ್ಟೇ ಸಾಕು ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ಮಾಡಿದ್ದು ಎಷ್ಟು ಡಿಗ್ರಿಗೆ ಎಂದು ಮೊದಲು ಕೇಳಿ.