ಲಿವರ್ ಆಪರೇಷನ್ ಆದವರನ್ನು ಮಲಗಿಸಿಯೇ ಇಡಬೇಡಿ

ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಿಗೆ ಹೋದಾಗ ನಾವು ಕೇಳುವ ಮಾತು: "ಹೊಟ್ಟಿ ಆಪರೇಷನ್ ಆಗೇತ್ರಿ, ಎಬ್ಬಿಸಬ್ಯಾಡ್ರಿ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಲಿವರ್ ಕ್ಯಾನ್ಸರಿನ ಆಪರೇಷನ್ ಆದವರು ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಕರುಳಿನ ಆಪರೇಷನ್ನಿಗೆ ಬೇಗ ಚೇತರಿಸುವ ಕ್ರಮವೊಂದನ್ನು ರೂಪಿಸಿದರು. ಈಗ ಅದು ಲಿವರ್ ಆಪರೇಷನ್ನಿಗೂ ಬಂದಿದೆ.

ಆಪರೇಷನ್ನಿಗೆ ಮೊದಲು:
* ಬೀಡಿ, ಸಾರಾಯಿಯನ್ನು ವೈದ್ಯರ ಸಲಹೆಯಂತೆ ಸುಮಾರು 4 ವಾರ ಮುಂಚೆಯೇ ಬಿಡಬೇಕು.
* ಇಡೀ ರಾತ್ರಿ ನೀರೂ ಇಲ್ಲದೆ ಉಪವಾಸ ಬೇಕಿಲ್ಲ. ಸಾಮಾನ್ಯವಾಗಿ ಊಟ 6 ತಾಸು, ನೀರು 2 ತಾಸು ಮೊದಲು ನಿಲ್ಲಿಸಿದರೆ ಸಾಕು. ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಆಪರೇಷನ್ ಆದ ಮೇಲೆ:
* ನೋವಿದ್ರೆ ತಡಕೋಬ್ಯಾಡ್ರಿ, ಹೇಳ್ರಿ. ನೋವು ತಗ್ಗಿದರೇ ಆಳವಾಗಿ ಉಸಿರಾಡಲು, ನಡೆಯಲು ಆಗುತ್ತದೆ.
* ವೈದ್ಯರು ಒಪ್ಪಿದರೆ ಮರುದಿನವೇ ಕುಳ್ಳಿರಿಸಿ, ನಾಲ್ಕು ಹೆಜ್ಜೆ ನಡೆಸಿ.
* ಗಂಜಿ, ಬೇಳೆಕಟ್ಟು, ಮೆತ್ತನೆ ಅನ್ನ, ತತ್ತಿ ಬೇಗ ಶುರು ಮಾಡಿ. ಉಳಿದ ಲಿವರ್ ಆರೋಗ್ಯವಾಗಿದ್ದರೆ ಮತ್ತೆ ಬೆಳೆಯುತ್ತದೆ. ಅದಕ್ಕೆ ಊಟ ಬೇಕೇ ಬೇಕು.

ಮನೆಗೆ ಬಂದ ಮೇಲೆ ಜ್ವರ, ಕಣ್ಣು ಹಳದಿ, ಹೊಟ್ಟೆಯುಬ್ಬರ, ಮಂಪರು ಕಂಡರೆ ಕಾಮಾಲೆಗೆ ಬೇರು-ಸೊಪ್ಪಿನ ಔಷಧಿ ಕುಡಿಸುತ್ತಾ ಕೂಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಖರ್ಚಿನ ಚಿಂತೆಯಿಂದ ಆಪರೇಷನ್ ಮುಂದೂಡಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ಶಿಫಾರಸು ಪತ್ರದ ಬಗ್ಗೆ ವಿಚಾರಿಸಿ.