ಹೆಸರು ಕಡ ಕೊಡುವ ಮುನ್ನ

ಕೈವಾರದ ನಮ್ಮ ಚಿಕ್ಕಪ್ಪನವರದು ರೇಷ್ಮೆನೂಲು ಬಿಚ್ಚುವ ಕಸುಬು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಪರಿಚಯವಾದ ವಿದೇಶೀ ವರ್ತಕರೊಬ್ಬರು, ಇಲ್ಲಿ ಖಾಸಗಿ ಕಂಪೆನಿ ತೆರೆಯಲು “ನಿರ್ದೇಶಕರಾಗಿ ನಿಮ್ಮ ಹೆಸರಿದ್ದರೆ ಸಾಕು” ಎಂದರಂತೆ.

ಕಾರಣವುಂಟು. 2013ರ ಕಂಪೆನಿ ಕಾಯಿದೆಯಂತೆ ಇಬ್ಬರು ನಿರ್ದೇಶಕರು ಬೇಕು. ಒಬ್ಬರಾದರೂ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದವರಾಗಿರಬೇಕು. ಇದು ಪೌರತ್ವದ ಮಾತಲ್ಲ, ವಾಸದ ಮಾತು! ಕನಿಷ್ಠ ಬಂಡವಾಳದ ಕಟ್ಟು 2015ರಲ್ಲೇ ಹೋಯಿತು. ಆದರೆ ವಿದೇಶಿಯರಿಗೆ ಷೇರು ಹಂಚಿದ 30 ದಿನಗಳೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಸಲ್ಲಬೇಕು. ಇಂಥವು ತಪ್ಪಿದರೆ ಮೊದಲು ಕೈಗೆ ಸಿಗುವವರು ಕೈವಾರದವರೇ ತಾನೆ?

ಇಬ್ಬರಿಗೂ ಬಿಡಿಸಿ ಹೇಳಿದೆ. ವರ್ತಕರಿಗೆ ವಾಸದ ಸಂಗತಿ ತಿಳಿದೇ ಇರಲಿಲ್ಲ. ಈಗ ಅವರೇ ಚಿಂತಾಮಣಿಯಲ್ಲಿ ಬಾಡಿಗೆಮನೆ ಹುಡುಕುತ್ತಿದ್ದಾರೆ. ಚಿಕ್ಕಪ್ಪನವರು ಗೂಡು ಬೇಯಿಸಲು ಹೋದರು.